ಸಮುದ್ರವರ್ಣನೆಯೂ ಕಾರವಾರದ ಮಳಲ ದಾರಿಯೂ

ಮಹಾಕಾವ್ಯದಲ್ಲಿ ವರ್ಣನೀಯವಾದ ವಿಷಯಗಳನ್ನು ಎಣಿಸುವಾಗ ದಂಡಿಯು ನಗರದ ಬೆನ್ನಿಗೇ ಸಮುದ್ರವನ್ನು ಹೇಳಿರುವನು. ಕನ್ನಡದ ಕವಿಗಳು ಅದನ್ನು ಅಷ್ಟಾದಶವರ್ಣನೆಗಳೊಳಗೆ ಸೇರಿಸಿಕೊಂಡು, ಕಡಲನ್ನು ಕಂಡವರೂ ಕಾಣದವರೂ ಒಂದೇ ಬಗೆಯಲ್ಲಿ ಅದನ್ನು ವರ್ಣಿಸುತ್ತ ಬಂದರು. ತಿಮಿಂಗಿಲ, ಮಕರ, ಹವಳದ ಬಳ್ಳಿ, ಬಡಬಾಗ್ನಿ, ರೆಕ್ಕೆಯನ್ನುಳಿಸಿಕೊಂಡ ಮೈನಾಕ: ಇಷ್ಟು ಸಾಮಗ್ರಿಯು ಕೈಯಲ್ಲಿದ್ದರೆ ಸಮುದ್ರವು ಸಿದ್ಧವಾಗುತ್ತಿದ್ದಿತು. ಮಧುಗಿರಿ ಪಾವಗಡಗಳಂತಹ ಸೀಮೆಗೆ ಇದರಿಂದ ಒಂದು ಉಪಕಾರವಾಯಿತೆಂದೇ ಹೇಳಬೇಕು. ಕೆರೆಯ ಕೋಡಿ ಬಿದ್ದುದನ್ನೇ ಅಪೂರ್ವಕ್ಕೆ ಕಾಣುವ ಹುಡುಗನಿಗೂ ಪಾಠಶಾಲೆಯ ಜಗಲಿಯಮೇಲೆ ಕಡಲು ದೊರೆಯಿತು. ಆ ಕಡಲಿನಲ್ಲಿ ಉಪ್ಪು ಮಾತ್ರ ಇರಲಿಲ್ಲ.

ಈಗ ಕಾಲವು ಬದಲಾಗಿದೆ. ಶಿರಾ, ಕೊರಟಗೆರೆಗಳ ತರುಣರು ರಾತ್ರಿಯ ಬಸ್ಸನ್ನು ಹತ್ತಿ ಬೆಳಗಾಗುವುದರೊಳಗೆ ಗೋಕರ್ಣದಲ್ಲಿ ಇಳಿಯುವರು. ಬೆನ್ನಿಗೆ ಚೀಲವನ್ನು ಕಟ್ಟಿ ಕುಡ್ಲೆ, ಓಂ ಕಡಲತೀರಗಳನ್ನು ಹಾಯ್ದು, ತದಡಿಯಲ್ಲಿ ದೋಣಿಯಿಂದ ಅಘನಾಶಿನಿಯನ್ನು ದಾಟಿ, ಕುಮಟೆಯವರೆಗೂ ಕಾಲ್ನಡೆಯಿಂದ ಹೋಗುವರು. ಕರ್ಣಾಟಕದ ಕರಾವಳಿಯು 300 ಕಿಲೋಮೀಟರಿಗೂ ಮಿಕ್ಕ ಉದ್ದವುಳ್ಳದ್ದು. ಅದರಲ್ಲಿ ಇಷ್ಟು ಭಾಗವನ್ನಾದರೂ ಪಾದದಿಂದ ಅಳೆದವರು ಜಿಲ್ಲೆಯಲ್ಲಿ ಈಗ ಕಡಮೆಯೇನಿಲ್ಲ. ಅವರಲ್ಲಿ ಕೆಲವರು ಬರೆಯುವುದೂ ಉಂಟು. ಆದರೆ ಬರೆದುದನ್ನು ಓದಿದರೆ ವಿಸ್ಮಯವಾಗುವುದು. ಬಡಬಾಗ್ನಿಯು ಹೋಗಿದೆ, ಅದರ ಸ್ಥಾನಕ್ಕೆ "ಸ್ವರ್ಗಸದೃಶ" ಎಂಬುದು ಬಂದಿದೆ. ಮೈನಾಕನು ಹೋಗಿರುವನು, "ಪದಗಳಿಗೆ ನಿಲುಕದ" ಎಂಬ ಮಾತು ಬಂದಿದೆ. ಕಾಲು ಕಡಲತಡಿಯಲ್ಲಿ ನಡೆದು, ಕಣ್ಣು ಊರಿನಲ್ಲಿಯೇ ಉಳಿದಂತಿದೆ. ಹಾಗಾದರೆ ನಡೆದುದರಿಂದ ಸಾಹಿತ್ಯಕ್ಕೆ ಬಂದ ಲಾಭವೇನು?

ಈ ಪ್ರಶ್ನೆಗೆ ಕನ್ನಡನಾಡಿನ ನೆಲದಲ್ಲಿಯೇ ನಡೆದ ಒಂದು ಸಂಗತಿಯು ಒಳ್ಳೆಯ ಸಾಕ್ಷಿಯಾಗಿದೆ. 1883ರಲ್ಲಿ, 22 ವರ್ಷದ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರಲ್ಲಿಗೆ ಬಂದು ಕೆಲವು ಕಾಲ ಇದ್ದರು. 'ಪ್ರಕೃತಿರ ಪ್ರತಿಶೋಧ' ಎಂಬ ನಾಟಕವು ಅಲ್ಲಿ ರಚಿತವಾಯಿತೆಂಬುದನ್ನು ಅನೇಕರು ಬಲ್ಲರು. ಅಷ್ಟಾಗಿ ಪ್ರಸಿದ್ಧವಲ್ಲದ ಇನ್ನೊಂದು ಸಂಗತಿಯು 1912ರಲ್ಲಿ ಗ್ರಂಥರೂಪದಿಂದ ಹೊರಬಂದ ಅವರ 'ಜೀವನಸ್ಮೃತಿ'ಯಲ್ಲಿದೆ. ಒಂದು ಬೆಳುದಿಂಗಳ ಸಂಜೆ ಅವರು ಕೆಲವರೊಡನೆ ಚಿಕ್ಕ ದೋಣಿಯಲ್ಲಿ ಕಾಳೀನದಿಯ ಮೇಲಕ್ಕೆ ಹೋದರು. ಶಿವಾಜಿಯ ಕಾಲದ ಒಂದು ಬೆಟ್ಟದ ಕೋಟೆಯ ಬಳಿ ಇಳಿದು, ಒಬ್ಬ ರೈತನ ಗುಡಿಸಿ ಸಾರಿಸಿದ ಅಂಗಳದಲ್ಲಿ ಕುಳಿತು ಬುತ್ತಿಯನ್ನುಂಡರು. ಹಿಂದಿರುಗುವಾಗ ದೋಣಿಯು ನಿಧಾನವಾಗಿ ಸಾಗಿದುದರಿಂದ, ಅಳಿವೆಯಲ್ಲಿ ಅದನ್ನು ಬಿಟ್ಟು, ಮಳಲಿನಮೇಲೆ ನಡೆದೇ ಮನೆಗೆ ಬಂದರು. ಆಗ ರಾತ್ರಿ ಬಹಳವಾಗಿದ್ದಿತು. ಮನೆಗೆ ಬಂದವರೇ ಆ ತರುಣಕವಿಗಳು ನಿದ್ರೆಮಾಡದೆ ಒಂದು ಪದ್ಯವನ್ನು ಬರೆದರು.

ಇಲ್ಲಿಗೆ ಇದು ಸಾಮಾನ್ಯವಾದ ಕಥೆ. ವಿಚಾರಣೀಯವಾದುದು ಮುಂದಿರುವುದು. ಸುಮಾರು 28 ವರ್ಷಗಳ ತರುವಾಯ ಸ್ಮೃತಿಗ್ರಂಥದಲ್ಲಿ ಆ ಪದ್ಯವನ್ನು ಎತ್ತಿಕೊಟ್ಟು, ಅದರ ಮೇಲೆ ಅವರೇ ತೀರ್ಪು ಹೇಳಿರುವರು. ಭಾವವು ತುಂಬಿ ಹರಿಯುವಾಗ ಬರೆದುದು ಅಷ್ಟರಿಂದಲೇ ಒಳ್ಳೆಯದಾಗದು. ಅನುಭವಕ್ಕೆ ತೀರ ದೂರವಿರುವವನು ಬರೆಯಲಾರನು, ತೀರ ಸಮೀಪವಿರುವವನೂ ಬರೆಯಲಾರನು. ಕಾವ್ಯದ ವರ್ಣವನ್ನು ಹಚ್ಚಲು ಸ್ಮರಣೆಯೇ ತಕ್ಕ ಕುಂಚ. ಇದು ಅವರ ಅಭಿಪ್ರಾಯದ ಸಾರ. ಈ ಮತವು ಒಪ್ಪತಕ್ಕದ್ದೆ? ಒಪ್ಪುವುದಕ್ಕೆ ಬೇಕಾದ ಪ್ರಮಾಣವನ್ನು ಅವರು ಅದೇ ಪುಟದಲ್ಲಿ ಕೊಟ್ಟಿರುವುದು ಸ್ವಾರಸ್ಯವಾಗಿದೆ. ಅಂದು ರಾತ್ರಿ ಬರೆದ ಪದ್ಯದಲ್ಲಿ ಕವಿಯ ಮನಸ್ಸು ಮುಳುಗುವುದು, ಕರಗುವುದು, ಅನಂತದಲ್ಲಿ ಬೆರೆಯುವುದು, ಇವೇ ಹೆಚ್ಚು. ಮುಪ್ಪಿನ ಹೊಸ್ತಿಲಲ್ಲಿ ಬರೆದ ಗದ್ಯದಲ್ಲಾದರೋ ಕಣ್ಣಿಗೆ ಕಾಣುವ ವಸ್ತುಗಳಿವೆ: ಎಂದೂ ಸುಮ್ಮನಿರದ ಗಾಳಿಮರಗಳ ಮರ್ಮರವೂ ನಿಂತಿರುವುದು, ಮರಗಳ ಸಾಲಿನ ನೆರಳು ಮಳಲಿನ ಅಂಚಿನಲ್ಲಿ ಅಲುಗಾಡದೆ ಬಿದ್ದಿರುವುದು, ನಡೆಯುವವರು ತಮ್ಮ ತಮ್ಮ ನೆರಳುಗಳೊಡನೆ ಮಾತಿಲ್ಲದೆ ಹೋಗುವರು. ಪದ್ಯವು ಮರೆತುಹೋಗುವುದು, ಗದ್ಯವು ನಿಲ್ಲುವುದು.

ಆದರೆ ಈ ಮತವನ್ನು ಹಿಡಿದು ಮನೆಯಲ್ಲಿ ಕುಳಿತು ಬರೆಯುವವರು ಗೆದ್ದೆವೆಂದು ತಿಳಿಯಬಾರದು. ಗಾಳಿಮರದ ಸದ್ದು ಒಂದು ರಾತ್ರಿ ನಿಂತಿತೆಂದು ನೆನೆಯಬೇಕಾದರೆ ಉಳಿದ ರಾತ್ರಿಗಳಲ್ಲಿ ಅದನ್ನು ಕೇಳಿರಬೇಕು. ಸ್ಮರಣೆಯು ಕುಂಚವಾದೀತು, ಬಣ್ಣವನ್ನು ಅರೆಯುವುದು ಕಾಲು. ದೋಣಿಯಲ್ಲಿಯೇ ಮನೆಗೆ ಬಂದಿದ್ದರೆ ಆ ಗದ್ಯದ ಅರ್ಧವು ಇರುತ್ತಿರಲಿಲ್ಲ.

ಠಾಕೂರರಲ್ಲಿ ದೋಷವೇ ಇಲ್ಲವೆಂದಲ್ಲ. ಏಲಕ್ಕಿ ಚಂದನಗಳ ನಾಡೆಂದು ಕಾರವಾರದ ಸೀಮೆಯನ್ನು ಸಂಸ್ಕೃತಸಾಹಿತ್ಯದ ಮಲಯಪರ್ವತಕ್ಕೆ ಅವರು ಸೇರಿಸಿಬಿಟ್ಟಿರುವರು. ರಘುವಂಶದ ನಾಲ್ಕನೆಯ ಸರ್ಗವನ್ನು ಓದಿದವರು ಇದನ್ನು ಒಪ್ಪಲಾರರು. ಅಲ್ಲಿ ರಘುವು ಕಾವೇರಿಯನ್ನು ದಾಟಿದಮೇಲೆ ಮಲಯದ ತಪ್ಪಲಿಗೆ ಬರುವನು, ಪಾಂಡ್ಯರನ್ನು ಗೆಲ್ಲುವನು, ಆಮೇಲೆ ಸಹ್ಯವನ್ನು ದಾಟುವನು. ಕಾರವಾರದ ಬೆನ್ನಿಗಿರುವುದು ಸಹ್ಯಾದ್ರಿಯೇ ಹೊರತು ಮಲಯವಲ್ಲ. ಪುಸ್ತಕದ ಪರ್ವತವು ಎಷ್ಟು ದೊಡ್ಡ ಕಣ್ಣಿಗೂ ಅಡ್ಡಬರುವುದೆಂಬುದಕ್ಕೆ ಇದು ನಿದರ್ಶನ. ಇನ್ನೊಂದು ಕೊರತೆ: ನಡೆಯುವ ಮನುಷ್ಯರನ್ನು ಬಿಟ್ಟರೆ ಆ ರಾತ್ರಿಯ ಚಿತ್ರದಲ್ಲಿ ಒಂದು ಜೀವಿಯೂ ಚಲಿಸುವುದಿಲ್ಲ. ಬೆಳುದಿಂಗಳಲ್ಲಿ ಮಳಲಿನಮೇಲೆ ನಡೆದವರ ಕಾಲ ಮುಂದೆ ಏಡಿಗಳು ಓಡದಿರುವುದುಂಟೆ?

ಈ ವಿಷಯದಲ್ಲಿ ಕಾಳಿದಾಸನು ಮೇಲು. ಹದಿಮೂರನೆಯ ಸರ್ಗದಲ್ಲಿ ಅವನು ಕಡಲನ್ನು ವರ್ಣಿಸಿರುವುದು ಪುಷ್ಪಕದಲ್ಲಿ ಕುಳಿತ ರಾಮನ ಬಾಯಿಂದ, ಎಂದರೆ ಮೇಲಿನಿಂದ. ದೂರದ ದಡವು ಕಬ್ಬಿಣದ ಚಕ್ರದ ಅಂಚಿಗೆ ಹಿಡಿದ ಕಿಲುಬಿನ ಗೆರೆಯಂತೆ ತೋರುವುದೆಂಬ ಉಪಮೆಯನ್ನು ಕೊಂಡಾಡದವರಿಲ್ಲ. ಆದರೆ ವಿಮಾನವು ದಡಕ್ಕೆ ಬಂದಮೇಲೆ ಅವನು ಒಡೆದ ಚಿಪ್ಪುಗಳಿಂದ ಚೆದರಿದ ಮುತ್ತುಗಳನ್ನೂ ಗೊನೆಯ ಭಾರಕ್ಕೆ ಬಾಗಿದ ಅಡಕೆಯ ಮರಗಳನ್ನೂ ತೋರಿಸುವನು. ಮುತ್ತುಗಳನ್ನು ಕವಿಸಮಯಕ್ಕೆ ಬಿಟ್ಟುಬಿಡೋಣ. ಅಡಕೆಯ ತೋಟವು ಮಳಲಿಗೆ ಸಮೀಪವಾಗಿ ಬಂದು ನಿಂತುದನ್ನು ಹೊನ್ನಾವರದ ಕಡೆ ಹೋದವರು ಇಂದಿಗೂ ನೋಡಬಹುದು. ತಿಮಿಗಳು ಬಾಯ್ದೆರೆದು ನೀರನ್ನು ತುಂಬಿಕೊಂಡು ತಲೆಯ ರಂಧ್ರದಿಂದ ಮೇಲಕ್ಕೆ ಚಿಮ್ಮುವುವೆಂದು ಬರೆದವನು ಅದನ್ನು ತಾನೇ ಕಂಡಿರಬೇಕು, ಇಲ್ಲವೆ ಕಂಡ ಮೀನುಗಾರನನ್ನು ಗೌರವದಿಂದ ಕೇಳಿರಬೇಕು.

ಇದಕ್ಕೆ ಆಲಂಕಾರಿಕರು ಇಟ್ಟ ಹೆಸರು ಸ್ವಭಾವೋಕ್ತಿ. ದಂಡಿಯು ಇದನ್ನು ಅಲಂಕಾರಗಳಲ್ಲಿ ಮೊದಲನೆಯದೆಂದನು. ಭಾಮಹನು ಕೆಲವರ ಮತವೆಂದು ಹೇಳಿ ಸರಿದನು. ಕುಂತಕನು ಅಲಂಕಾರವೇ ಅಲ್ಲವೆಂದನು. ವಸ್ತುವಿನ ಸ್ವಭಾವವು ಶರೀರವಾಗಿರುವಲ್ಲಿ ಅದನ್ನೇ ಆಭರಣವೆನ್ನುವುದು ಹೇಗೆ ಎಂಬುದು ಅವನ ಆಕ್ಷೇಪ. ಶಾಸ್ತ್ರದಲ್ಲಿ ಕುಂತಕನು ಗೆದ್ದರೂ ಗೆಲ್ಲಲಿ. ಪ್ರವಾಸಲೇಖನಕ್ಕೆ ಬೇಕಾದುದು ಆ ಶರೀರವೇ. ಅದಿಲ್ಲದೆ ಒಡವೆಗಳನ್ನು ಮಾತ್ರ ಗೂಟಕ್ಕೆ ತೂಗುಹಾಕಿದಂತಿರುವುದು ಇತ್ತೀಚಿನ ಬರೆಹ.

ಗೋಕರ್ಣದಿಂದ ಕುಮಟೆಯವರೆಗೆ ಶರೀರವಂತೂ ಧಾರಾಳವಾಗಿದೆ. ಇಳಿತದ ವೇಳೆಯಲ್ಲಿ ಒದ್ದೆಯ ಮಳಲು ಗಟ್ಟಿಯಾಗಿ ನಡೆಗೆ ಹಿತವಾಗುವುದು, ಭರತ ಬಂದರೆ ಅದೇ ದಾರಿಯು ಬಂಡೆಯಮೇಲಕ್ಕೆ ಅಟ್ಟುವುದು. ಸಣ್ಣ ಏಡಿಗಳು ಮಳಲನ್ನು ಸಾಸಿವೆಯಂತೆ ಉಂಡೆಮಾಡಿ ಬಿಲದ ಸುತ್ತ ರಂಗೋಲಿಯಿಟ್ಟಿರುವುವು. ಬಿಳಿಯ ಹೊಟ್ಟೆಯ ಕಡಲ ಹದ್ದು ನೀರಿನಮೇಲೆ ಸುಳಿದು ಕಾಲಿನಿಂದ ಮೀನನ್ನೆತ್ತುವುದು. ಚಳಿಗಾಲದಲ್ಲಿ ಕಡಲಾಮೆಗಳು ರಾತ್ರಿ ದಡಕ್ಕೆ ಬಂದು, ಕುಳಿ ತೋಡಿ, ಮೊಟ್ಟೆಯಿಟ್ಟು, ಮುಚ್ಚಿ ಹಿಂದಿರುಗುವುವು. ಅಘನಾಶಿನಿಯು ಅಣೆಕಟ್ಟಿಲ್ಲದೆ ಕಡಲನ್ನು ಸೇರುವ ನದಿ. ಅದರ ಅಳಿವೆಯು 2024ರಲ್ಲಿ ರಾಮ್ಸಾರ್ ಒಪ್ಪಂದದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಅಲ್ಲಿ ಕಾಂಡ್ಲಾ ಗಿಡಗಳ ಬೇರುಗಳು ಕೆಸರಿನಿಂದ ಮೇಲೆದ್ದು ಉಸಿರಾಡುವುವು. ಇಳಿತದಲ್ಲಿ ಹೆಂಗಸರು ಗಂಡಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಕಪ್ಪೆಚಿಪ್ಪನ್ನು ತೆಗೆಯುವರು. ಗಜನಿಯೆಂಬ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗವೆಂಬ ಬತ್ತವು ಬೆಳೆಯುವುದು. ಮಂಕುತಿಮ್ಮನ ದೆಸೆಯಿಂದ ಕಗ್ಗವೆಂಬ ಮಾತನ್ನು ಬಲ್ಲ ಒಳನಾಡಿನ ವಾಚಕರಿಗೆ ಇದು ಸಣ್ಣ ಸಂತೋಷವನ್ನುಂಟುಮಾಡದಿರದು. ಇಷ್ಟನ್ನೂ ಹಾಯ್ದು ಬಂದವನು "ಪ್ರಕೃತಿಯ ಮಡಿಲು" ಎಂದು ಮೂರು ಸಲ ಬರೆದು ನಿಲ್ಲಿಸಿದರೆ ಓದುವವನಿಗೆ ಅನ್ಯಾಯವಾಗುವುದಷ್ಟೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಸಮುದ್ರವರ್ಣನೆಯೆಂದು ಬೇರ್ಪಡಿಸತಕ್ಕ ಭಾಗವೇ ಅಪರೂಪ. ಆದರೂ ಕೋಡಿಯ ಮನೆಗಳ ಗೋಡೆಗಳಿಗೆ ಕಡಲಗಾಳಿಯು ತಾಗುತ್ತಲೇ ಇರುವುದು.

ಕಣ್ಣಿನ ಅಭ್ಯಾಸಕ್ಕೆ ಕಡಲೇ ಬೇಕೆಂಬ ನಿಯಮವಿಲ್ಲ. ಶಾಕುಂತಲದ ಮೊದಲಂಕದಲ್ಲಿ ರಥದ ಮುಂದೆ ಕುತ್ತಿಗೆಯನ್ನು ಕೊಂಕಿಸಿ ಹಿಂದೆ ನೋಡುತ್ತ ಹಾರುವ ಮೃಗವನ್ನು ಸ್ವಭಾವೋಕ್ತಿಗೆ ಉದಾಹರಿಸದ ಗುರುಗಳಿಲ್ಲ. ಅದು ಕೃಷ್ಣಸಾರ. ಅದೇ ಜಾತಿಯ ಮೃಗಗಳ ಹಿಂಡುಗಳು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಬಯಲಿನಲ್ಲಿ ಮೇಯುತ್ತಿವೆ; 2007ರಲ್ಲಿ ಆ ಬಯಲನ್ನು ಜಯಮಂಗಲಿಯ ಹೆಸರಿನಿಂದ ಸಂರಕ್ಷಿತ ಪ್ರದೇಶವಾಗಿ ಮಾಡಿದರು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ವರ್ಷವರ್ಷವೂ ಬಂದು ಊರೊಳಗಣ ಹುಣಸೆಯ ಮರಗಳಲ್ಲಿ ಗೂಡುಕಟ್ಟುವುವು. ಶ್ಲೋಕವನ್ನು ಬಾಯಿಪಾಠಮಾಡಿದ ಎಷ್ಟು ಮಂದಿ ಆ ಬಯಲಿಗೆ ಹೋಗಿ, ಓಡುವ ಮೃಗವು ನಿಜವಾಗಿ ಎಷ್ಟು ನೆಗೆತಕ್ಕೊಮ್ಮೆ ಹಿಂದಿರುಗಿ ನೋಡುವುದೆಂದು ಎಣಿಸಿರುವರು? ಮುಂದಿನ ಸಲ ಗೋಕರ್ಣದ ಬಸ್ಸನ್ನು ಹತ್ತುವ ತರುಣರು ಅದಕ್ಕೆ ಮೊದಲು ಒಂದು ಬೆಳಗ್ಗೆ ಮೈದನಹಳ್ಳಿಗೆ ಹೋಗಿಬಂದು, ಕಂಡಷ್ಟನ್ನು ಎರಡು ಪುಟದಲ್ಲಿ ಬರೆದುಕೊಟ್ಟರೆ, ಕಡಲಿನ ಲೇಖನವನ್ನು ಓದುವುದಕ್ಕೆ ವಾಚಕರು ಕಾದಿರುವರು.