ಆಧಾರಗ್ರಂಥಗಳ ಪಟ್ಟಿ ಹೊತ್ತ ಕಾದಂಬರಿ

ಮೈಸೂರಿನ ನಜರ್‌ಬಾದಿನಲ್ಲಿ ಟಿಪ್ಪು ಸುಲ್ತಾನ್ ಹೊಸದೊಂದು ಕೋಟೆ ಕಟ್ಟಿಸಲು ಹೊರಟಿದ್ದ. ಅದಕ್ಕಾಗಿ ಹಳೆಯ ಮೈಸೂರಿನ ಕೋಟೆಯನ್ನು ಕೆಡವಿಸಿ ಕಲ್ಲು ಸಾಗಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ರಾಜ್ಯ ಒಡೆಯರಿಗೆ ಮರಳಿದಾಗ, ಹಳೆಯ ಕೋಟೆಯನ್ನು ಮತ್ತೆ ಎಬ್ಬಿಸಲು ಅದೇ ಕಲ್ಲುಗಳು ಹಿಂದಕ್ಕೆ ಹೋದವು. ಕೋಟೆ ಉಳಿಯಲಿಲ್ಲ, ಮೊಹಲ್ಲಾದ ಹೆಸರು ಉಳಿಯಿತು. ಹೀಗೆ ಹೋಗಿ ಬಂದ ಕಲ್ಲುಗಳ ಕಥೆಯನ್ನು ಯಾರು ಯಾವ ದನಿಯಲ್ಲಿ ಹೇಳಬೇಕು ಎಂಬ ಜಗಳ ಈ ಊರಿಗೆ ಹೊಸದಲ್ಲ. ಇದೇ ಮೈಸೂರಿನಲ್ಲಿ ನೆಲೆಸಿದ್ದ ಎಸ್.ಎಲ್. ಭೈರಪ್ಪನವರ ‘ಆವರಣ’ ಆ ಜಗಳದ ನಡುವೆಯೇ ಬಂದ ಕಾದಂಬರಿ.

2007ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಾಹಿತ್ಯ ಭಂಡಾರ ಇದನ್ನು ಹೊರತಂದಿತು. ಬಿಡುಗಡೆಗೆ ಮೊದಲೇ ಪ್ರತಿಗಳು ಮುಗಿದಿದ್ದವು. ಐದು ತಿಂಗಳಲ್ಲಿ ಹತ್ತು ಮುದ್ರಣ ಕಂಡಿತು. ಸಾವಿರ ಪ್ರತಿ ಅಚ್ಚು ಹಾಕಿಸಿ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಕೂರುವುದು ರೂಢಿಯಾಗಿದ್ದ ಕನ್ನಡ ಪ್ರಕಾಶನಕ್ಕೆ ಇದು ಕಂಡರಿಯದ ಸಂಗತಿ.

ವಿವಾದವೇ ಪುಸ್ತಕವನ್ನು ಮಾರಿತು ಎನ್ನುವವರಿದ್ದಾರೆ. ಆ ವಾದ ನಿಲ್ಲುವುದಿಲ್ಲ. ಅದೇ 2007ರ ಮೇ ತಿಂಗಳಲ್ಲಿ, ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡದ್ದು ಸರಿ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬಸವಣ್ಣನವರ ಹುಟ್ಟಿನ ಹಿನ್ನೆಲೆಯನ್ನು ಚರ್ಚಿಸಿದ ಬಂಜಗೆರೆ ಜಯಪ್ರಕಾಶರ ‘ಆನು ದೇವಾ ಹೊರಗಣವನು’ ಕೃತಿಯನ್ನೂ ಅದೇ ವರ್ಷ ಹಿಂದಕ್ಕೆ ಪಡೆಯಬೇಕಾಯಿತು. 2013ರಲ್ಲಿ ‘ಢುಂಢಿ’ ಬರೆದ ಯೋಗೇಶ್ ಮಾಸ್ಟರ್ ಬಂಧನಕ್ಕೊಳಗಾದರು. ಇವೆಲ್ಲ ಧರ್ಮವನ್ನು ಮುಟ್ಟಿದ ಪುಸ್ತಕಗಳೇ, ಗದ್ದಲ ಎಬ್ಬಿಸಿದವೇ. ಆದರೆ ಇವು ಕೊಳ್ಳಬಲ್ಲ ಓದುಗರು ಪೂಜಿಸುವುದನ್ನೇ ಪ್ರಶ್ನಿಸಿದವು. ‘ಆವರಣ’ ಬೊಟ್ಟು ಮಾಡಿದ್ದು ಬೇರೆ ಕಡೆಗೆ. ಮಾರಾಟದ ಲೆಕ್ಕ ಹಾಕುವಾಗ ಈ ವ್ಯತ್ಯಾಸವನ್ನು ಮುಚ್ಚಿಟ್ಟರೆ ವಿಮರ್ಶೆಗೆ ಪ್ರಾಮಾಣಿಕತೆ ಇರುವುದಿಲ್ಲ.

ನೆಲವೂ ಮೊದಲೇ ಹದವಾಗಿತ್ತು. 2006ರಲ್ಲಿ ಸಚಿವ ಡಿ.ಎಚ್. ಶಂಕರಮೂರ್ತಿ ಟಿಪ್ಪುವನ್ನು ಕನ್ನಡ ವಿರೋಧಿ ಎಂದಾಗ ಗಿರೀಶ ಕಾರ್ನಾಡರು ಪ್ರತಿಭಟಿಸಿದರು. ಭೈರಪ್ಪ ‘ವಿಜಯ ಕರ್ನಾಟಕ’ದಲ್ಲಿ ಅದಕ್ಕೆ ಉತ್ತರ ಬರೆದರು. ಭೈರಪ್ಪನವರ ‘ವಂಶವೃಕ್ಷ’ವನ್ನೂ ‘ತಬ್ಬಲಿಯು ನೀನಾದೆ ಮಗನೆ’ಯನ್ನೂ ಬಿ.ವಿ. ಕಾರಂತರ ಜೊತೆ ಸಿನಿಮಾ ಮಾಡಿದ್ದವರು ಇದೇ ಕಾರ್ನಾಡರು. ಹಳೆಯ ಒಡನಾಟದ ಇಬ್ಬರು ಎದುರುಬದುರಾದದ್ದನ್ನು ಓದುಗರು ದಿನಪತ್ರಿಕೆಯಲ್ಲಿ ಹಿಂಬಾಲಿಸಿದರು. ಕೆಲವೇ ತಿಂಗಳಲ್ಲಿ ಕಾದಂಬರಿ ಬಂದಾಗ, ಆ ವಾದದ ಮುಂದಿನ ಕಂತು ಕೈಗೆ ಸಿಕ್ಕಂತಾಯಿತು.

ಇಷ್ಟಾದರೂ ಪುಟ ತಿರುಗಿಸುವಂತೆ ಮಾಡುವುದು ಅದರ ಕಟ್ಟಡ. ಲಕ್ಷ್ಮಿ ಎಂಬಾಕೆ ಅಮೀರನನ್ನು ಮದುವೆಯಾಗಿ ರಜಿಯಾ ಆಗಿದ್ದಾಳೆ. ಸಾಕ್ಷ್ಯಚಿತ್ರಕ್ಕಾಗಿ ಹಂಪಿಗೆ ಹೋದವಳಿಗೆ ಪಾಳುಬಿದ್ದ ಕಲ್ಲುಗಳು ಸಮಾಧಾನ ಕೊಡುವುದಿಲ್ಲ. ಸಂಬಂಧ ಕಡಿದುಕೊಂಡಿದ್ದ ತಂದೆ ತೀರಿಕೊಂಡ ಸುದ್ದಿ ಬಂದು ಊರಿಗೆ ಹೋದರೆ, ಮನೆಯ ತುಂಬ ಇತಿಹಾಸದ ಪುಸ್ತಕಗಳು, ಅವನು ಬರೆದಿಟ್ಟ ಟಿಪ್ಪಣಿಗಳು. ಅಲ್ಲಿಂದ ಮುಂದಕ್ಕೆ ಇದು ಶುದ್ಧ ಪತ್ತೇದಾರಿ. ಮಗಳು ಒಂದೊಂದೇ ಪುಸ್ತಕ ಬಿಚ್ಚುತ್ತಾಳೆ, ಓದುಗ ಅವಳ ಬೆನ್ನ ಹಿಂದೆ ನಿಂತು ಇಣುಕುತ್ತಾನೆ. ತನಗೆ ಯಾರೋ ಮುಚ್ಚಿಟ್ಟಿದ್ದು ಈಗ ತೆರೆಯುತ್ತಿದೆ ಎಂಬ ಭಾವವೇ ಅವನನ್ನು ಕೊನೆಯವರೆಗೆ ಎಳೆದೊಯ್ಯುತ್ತದೆ. ವೇದಾಂತದಲ್ಲಿ ಆವರಣವೆಂದರೆ ಸತ್ಯವನ್ನು ಮರೆಮಾಡುವ ಮಾಯೆಯ ಶಕ್ತಿ. ಹೆಸರೇ ಅರ್ಧ ಕೆಲಸ ಮಾಡಿಬಿಟ್ಟಿದೆ.

2003ರಲ್ಲಿ ಬಂದ ಡ್ಯಾನ್ ಬ್ರೌನ್‌ನ ‘ದ ಡಾ ವಿಂಚಿ ಕೋಡ್’ ನಡೆದದ್ದೂ ಈ ದಾರಿಯಲ್ಲೇ. ಅದರ ಮೊದಲ ಪುಟದಲ್ಲಿ ಇದೆಲ್ಲ ವಾಸ್ತವ ಎಂಬ ಘೋಷಣೆಯಿದೆ. ‘ಆವರಣ’ದಲ್ಲಿ ಆಧಾರಗ್ರಂಥಗಳ ಉದ್ದನೆಯ ಪಟ್ಟಿಯೇ ಇದೆ. ಬ್ರೌನ್‌ಗೆ ಚರಿತ್ರೆ ಬಹುಮಟ್ಟಿಗೆ ಆಟದ ಕಾಯಿ. ಭೈರಪ್ಪನವರಿಗೆ ಅದು ಆಟವಲ್ಲ, ವರ್ಷಗಟ್ಟಲೆ ಓದಿ ಬರೆಯುತ್ತಿದ್ದ ಲೇಖಕ ಅವರು. ಆದರೂ ಎರಡೂ ಕಡೆ ಓದುಗನಿಗೆ ಸಿಗುವ ಭರವಸೆ ಒಂದೇ: ಕಥೆ ಓದಿದೆ, ಅದರ ಜೊತೆಗೆ ಚರಿತ್ರೆಯನ್ನೂ ತಿಳಿದುಕೊಂಡೆ.

ತೊಡಕಿರುವುದೂ ಇಲ್ಲೇ. ಚರಿತ್ರೆಯ ಪುಸ್ತಕದಲ್ಲಿ ಒಂದು ಆಧಾರ ಇನ್ನೊಂದರ ಎದುರು ನಿಲ್ಲಬಹುದು, ಓದುಗ ಇಬ್ಬರ ಮಾತನ್ನೂ ಕೇಳಬಹುದು. ಕಾದಂಬರಿಯಲ್ಲಿ ಯಾರಿಗೆ ಮಾತು ಕೊಡಬೇಕು, ಯಾರ ಬಾಯಿ ಕಟ್ಟಬೇಕು ಎಂಬುದು ಲೇಖಕನ ಕೈಯಲ್ಲಿದೆ. ‘ಆವರಣ’ದ ಪ್ರೊಫೆಸರ್ ಶಾಸ್ತ್ರಿ ಸೋಲುವುದಕ್ಕಾಗಿಯೇ ಬಂದ ಪಾತ್ರ. ವಿಚಾರವಾದಿಯಾದ ಅವನ ಬಾಯಲ್ಲಿ ಗಟ್ಟಿಯಾದ ಒಂದು ವಾದವೂ ಹುಟ್ಟುವುದಿಲ್ಲ. ಅಮೀರನಿಗೂ ತನ್ನದೇ ನಂಬಿಕೆ, ತನ್ನದೇ ನೋವು ಎಂಬುದು ಅಲ್ಲಲ್ಲಿ ಮಿಂಚಿ ಮಾಯವಾಗುತ್ತದೆ. ಯು.ಆರ್. ಅನಂತಮೂರ್ತಿ ಈ ಕೃತಿಯನ್ನು ಕಟುವಾಗಿ ಟೀಕಿಸಿದಾಗ ಅದರಲ್ಲಿ ಇಬ್ಬರ ನಡುವಿನ ಹಳೆಯ ಮನಸ್ತಾಪದ ವಾಸನೆ ಹುಡುಕಿದವರಿದ್ದರು. ಆದರೆ ಇದು ವಾದವೋ ಕಾದಂಬರಿಯೋ ಎಂಬ ಪ್ರಶ್ನೆ ಮನಸ್ತಾಪದಿಂದ ಹುಟ್ಟಿದ್ದಲ್ಲ, ಪುಟಗಳಿಂದಲೇ ಏಳುತ್ತದೆ.

ಇದನ್ನು ಭೈರಪ್ಪನವರದೇ ‘ಪರ್ವ’ದ ಪಕ್ಕದಲ್ಲಿಟ್ಟು ಓದಿದರೆ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. 1979ರಲ್ಲಿ ಬಂದ ಆ ಕಾದಂಬರಿ ಮಹಾಭಾರತದಿಂದ ದೇವರನ್ನೂ ಪವಾಡವನ್ನೂ ತೆಗೆದುಹಾಕಿತು. ಅದಕ್ಕಿಂತ ದೊಡ್ಡ ಧೈರ್ಯ ಯಾವುದು? ಆದರೂ ಅಲ್ಲಿ ಕುಂತಿ, ದ್ರೌಪದಿ, ಭೀಮ, ಕರ್ಣ ತಂತಮ್ಮ ಒಳಗಿನಿಂದ ಮಾತಾಡುತ್ತಾರೆ. ಒಬ್ಬರ ಸತ್ಯ ಇನ್ನೊಬ್ಬರದನ್ನು ಅಳಿಸುವುದಿಲ್ಲ. 2021ರಲ್ಲಿ ಮೈಸೂರಿನ ರಂಗಾಯಣ ಅದನ್ನು ಪ್ರಕಾಶ್ ಬೆಳವಾಡಿಯವರ ನಿರ್ದೇಶನದಲ್ಲಿ ಗಂಟೆಗಟ್ಟಲೆಯ ನಾಟಕವಾಗಿ ಆಡಿದಾಗ ಜನ ಕೂತು ನೋಡಿದರು. ‘ಪರ್ವ’ ಬರೆದ ಕೈಗೆ ಶಾಸ್ತ್ರಿಯಂಥವನನ್ನೂ ಒಳಗಿನಿಂದ ಬರೆಯುವುದು ಬರುತ್ತಿತ್ತು. ಹಾಗೆ ಬರೆಯಲಿಲ್ಲ ಎಂಬುದೇ ದುಃಖ.

ಭೈರಪ್ಪ 2025ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಅವರ ವಿಷಯ ಬಂದಾಗಲೆಲ್ಲ ‘ಆವರಣ’ದ ಮಾತೂ ಬರುತ್ತದೆ, ಬಂದಾಗ ಜನ ಪರ-ವಿರೋಧವಾಗಿ ಒಡೆದು ನಿಲ್ಲುತ್ತಾರೆ. ಆ ಗದ್ದಲದಲ್ಲಿ ಯಾರೂ ಹೆಚ್ಚು ಮಾತಾಡದ ಭಾಗವೊಂದಿದೆ: ರಜಿಯಾ ಬರೆಯುವ ಕಾದಂಬರಿಯೊಳಗಿನ ಕಾದಂಬರಿ. ಸೆರೆಸಿಕ್ಕ ರಜಪೂತ ರಾಜಕುಮಾರನೊಬ್ಬನ ಪುರುಷತ್ವ ಕಿತ್ತು, ಹೆಸರು ಬದಲಿಸಿ, ಜನಾನಾದ ಸೇವೆಗೆ ಹಾಕುತ್ತಾರೆ. 1669ರಲ್ಲಿ ಕಾಶಿ ವಿಶ್ವನಾಥನ ಗುಡಿ ಉರುಳುವುದನ್ನು ಅವನು ಕಣ್ಣಾರೆ ನೋಡುತ್ತಾನೆ. ಅಲ್ಲಿ ಯಾರೂ ವಾದ ಮಾಡುವುದಿಲ್ಲ, ಯಾರೂ ಗ್ರಂಥದ ಹೆಸರು ಹೇಳುವುದಿಲ್ಲ. ತನ್ನದಲ್ಲದ ಮೈಯಲ್ಲಿ ಒಬ್ಬ ಮನುಷ್ಯ ಬದುಕುತ್ತಾನೆ, ಅಷ್ಟೆ. ಇಡೀ ಪುಸ್ತಕದಲ್ಲಿ ಓದುಗನ ಕೈ ತಾನಾಗಿ ನಿಲ್ಲುವುದು ಆ ಪುಟಗಳಲ್ಲಿ.