ಗದ್ದಲದೊಡನೆ ಕಳೆದುಹೋಗುವ ಮಾತು

ಭಾಷಾ ಸಂಸ್ಕರಣೆಯ ಎಫ್‌ಎಂಆರ್‌ಐ ಅಧ್ಯಯನಗಳಲ್ಲಿ ದತ್ತಾಂಶದ ಶುದ್ಧೀಕರಣವನ್ನು ಕೇವಲ ತಾಂತ್ರಿಕ ಪೂರ್ವಸಿದ್ಧತೆಯೆಂದು ಒಂದೆರಡು ವಾಕ್ಯಗಳಲ್ಲಿ ಮುಗಿಸುವ ವಾಡಿಕೆಯಿದೆ. ಇದು ಪ್ರಶ್ನಾರ್ಹ.

ಚಿತ್ರವನ್ನು ಕಂಡು ಅದರ ಹೆಸರನ್ನು ಉಚ್ಚರಿಸುವ ಪ್ರಯೋಗದಲ್ಲಿ ಪದದ ಆಯ್ಕೆ, ದವಡೆಯ ಚಲನೆ, ಉಸಿರಿನ ಏರಿಳಿತ ಇವು ಬಹುತೇಕ ಒಟ್ಟಿಗೇ ಸಂಭವಿಸುತ್ತವೆ. ರಕ್ತದ ಆಮ್ಲಜನಕವನ್ನು ಅವಲಂಬಿಸಿದ ಸಂಕೇತವು ಉತ್ತುಂಗಕ್ಕೇರಲು ಸುಮಾರು 5 ಸೆಕೆಂಡು ಹಿಡಿಯುವುದರಿಂದ, ಚಲನೆಯ ತಕ್ಷಣದ ಪರಿಣಾಮವನ್ನು ಭಾಗಶಃ ಬೇರ್ಪಡಿಸಬಹುದು, ಪೂರ್ತಿಯಾಗಿ ಅಲ್ಲ. ಚಲನೆಯ ಚರಾಂಶಗಳನ್ನು ಮೊದಲೇ ಕಳೆದು, ಉಳಿದುದಕ್ಕೆ ಕಾರ್ಯದ ಮಾದರಿಯನ್ನು ಹೊಂದಿಸಿದರೆ, ಎರಡಕ್ಕೂ ಸಮಾನವಾದ ವ್ಯತ್ಯಯವೆಲ್ಲ ಗದ್ದಲದ ಪಾಲಾಗುತ್ತದೆ. ಹಂತಹಂತದ ಶುದ್ಧೀಕರಣವು ಒಮ್ಮೆ ತೆಗೆದ ದೋಷವನ್ನು ಮರಳಿ ತರಬಲ್ಲದೆಂಬುದನ್ನೂ ಮಾರ್ಟಿನ್ ಲಿಂಡ್‌ಕ್ವಿಸ್ಟ್ ಮತ್ತು ಸಹಲೇಖಕರು 2019ರಲ್ಲಿ ತೋರಿಸಿದ್ದಾರೆ.

ಎರಡು ಬಗೆಯ ಚರಾಂಶಗಳನ್ನೂ ಒಂದೇ ಮಾದರಿಯಲ್ಲಿರಿಸಿದರೆ ಸಮಾನ ಭಾಗವು ಯಾವ ಪಕ್ಷಕ್ಕೂ ಸಲ್ಲದೆ, ಅಂದಾಜಿನ ಅನಿಶ್ಚಿತತೆಯಾಗಿ ಗೋಚರಿಸುತ್ತದೆ. ಈ ಅನಿಶ್ಚಿತತೆಯೇ ಪ್ರಾಮಾಣಿಕ ಫಲಿತಾಂಶ.

ಅಫೇಸಿಯಾ ಉಳ್ಳವರನ್ನು ಇತರರೊಡನೆ ಹೋಲಿಸುವಾಗ ಈ ಎಚ್ಚರ ಅನಿವಾರ್ಯ. ಒಂದು ಗುಂಪು ಹೆಚ್ಚು ಅಲುಗಾಡಿದ್ದರೆ, ಅದರ ಸಂಕೇತವೇ ಹೆಚ್ಚು ಕಳೆದುಹೋಗಬಹುದು. ಶುದ್ಧೀಕರಣದ ನಷ್ಟವನ್ನು ನಾವು ಭಾಷಾನಷ್ಟವೆಂದು ಓದಿಬಿಡಬಹುದು. ಆದುದರಿಂದ ಯಾವುದನ್ನು ಗದ್ದಲವೆಂದು ಕಳೆಯಲಾಯಿತು ಎಂಬುದು ಅಡಿಟಿಪ್ಪಣಿಯ ವಿಷಯವಲ್ಲ. ಅದು ಪ್ರಬಂಧದ ವಾದದ ಭಾಗವೇ ಆಗಿದೆ.