ಕೊಳ್ಳುವವರ ಕಣ್ಣು

ಚಳ್ಳಕೆರೆಯಲ್ಲಿ ಮೊಳಕಾಲ್ಮೂರು ಸೀರೆಯೆಂದು ಕೊಂಡದ್ದನ್ನು ಒಮ್ಮೆ ಮೊಳಕಾಲ್ಮೂರಿಗೇ ಒಯ್ದು, ಪರಿಚಯದ ನೇಕಾರರೊಬ್ಬರಿಗೆ ತೋರಿಸಿದೆ. ಅವರು ಸೆರಗಿನ ಕಡೆ ನೋಡಲೇ ಇಲ್ಲ. ಅಂಚನ್ನು ಮಗುಚಿ ಹಿಂಬದಿ ನೋಡಿ, "ಇದು ಕೈಮಗ್ಗದ್ದಲ್ಲ. ಕೊಳ್ಳೋರು ತಿರುಗಿಸಿ ನೋಡಲ್ಲ, ಅದಕ್ಕೇ ನಡೀತದೆ" ಎಂದರು.

ವಾಪಸು ಬರುವಾಗ ತಳಕಿನ ಹತ್ತಿರ ಬಸ್ಸು ಕೆಟ್ಟು ನಿಂತಿತು. ರಸ್ತೆ ಬದಿಯ ಎಕ್ಕದ ಗಿಡಗಳ ಸುತ್ತ ಕಿತ್ತಳೆ ರೆಕ್ಕೆಯ, ಕಪ್ಪು ತುದಿಯ ಪ್ಲೇನ್ ಟೈಗರ್ ಚಿಟ್ಟೆಗಳು ಯಾರ ಹೆದರಿಕೆಯೂ ಇಲ್ಲದಂತೆ ನಿಧಾನವಾಗಿ ಹಾರುತ್ತಿದ್ದವು. ಇವುಗಳ ಹುಳು ಎಕ್ಕದ ಎಲೆ ತಿಂದು ಬೆಳೆಯುತ್ತದೆ. ಹಕ್ಕಿಗಳಿಗೆ ಈ ಚಿಟ್ಟೆ ರುಚಿಸದು. ನಡುವೆ ಬೇರೆ ಜಾತಿಯದೊಂದು ಸೇರಿಕೊಂಡಿತ್ತು: ಡನಾಯ್ಡ್ ಎಗ್‌ಫ್ಲೈ ಹೆಣ್ಣು. ಬಣ್ಣ ಅದೇ, ಠೀವಿಯೂ ಅದೇ. ಹಿಂದಿನ ರೆಕ್ಕೆಯ ಕಪ್ಪು ಚುಕ್ಕೆ ಎಣಿಸಿದರೆ ಮಾತ್ರ ಗುಟ್ಟು ರಟ್ಟು. ಪ್ಲೇನ್ ಟೈಗರಿಗೆ ಮೂರೋ ನಾಲ್ಕೋ, ಇದಕ್ಕೆ ಒಂದೇ. ಇದರ ಹುಳು ತಿನ್ನುವುದು ನಾವು ಸಾರು ಮಾಡಿ ಉಣ್ಣುವ ಗೋಣಿಸೊಪ್ಪನ್ನು. ಹಕ್ಕಿಗೆ ಒಳ್ಳೆಯ ತುತ್ತೇ ಸರಿ.

ಇದನ್ನು ನಮ್ಮ ವಿಜ್ಞಾನ ಬರಹಗಳು ಹೇಳುವ ರೀತಿ ನನಗೀಗ ಒಪ್ಪಿಗೆಯಿಲ್ಲ. "ಹಕ್ಕಿಯಿಂದ ಪಾರಾಗಲು ಚಿಟ್ಟೆ ವೇಷ ಹಾಕಿತು" ಎನ್ನುತ್ತೇವೆ. ತರಗತಿಯಲ್ಲಿ ವರ್ಷಗಟ್ಟಲೆ ಹಾಗೆಂದವರಲ್ಲಿ ನಾನೂ ಒಬ್ಬ. ಹಗಲುವೇಷದವರು ಕನ್ನಡಿ ಹಿಡಿದು ಬಣ್ಣ ಬಳಿದುಕೊಳ್ಳುತ್ತಾರೆ. ಚಿಟ್ಟೆಗೆ ಕನ್ನಡಿ ಎಲ್ಲಿಂದ ಬಂತು? ಅಷ್ಟೇ ಅಲ್ಲ, ಇದೇ ಜಾತಿಯ ಗಂಡಿಗೆ ಕಪ್ಪು ರೆಕ್ಕೆ, ಬಿಳಿ ಮಚ್ಚೆ. ವೇಷ ಹಾಕುವ ಬುದ್ಧಿ ಹೆಣ್ಣಿಗೆ ಹೊಳೆದು ಗಂಡಿಗೆ ಹೊಳೆಯಲಿಲ್ಲವೇ?

ಅಮೆಜಾನ್ ಕಾಡಿನ ಚಿಟ್ಟೆಗಳನ್ನು ಕುರಿತು 1862ರಲ್ಲಿ ಬರೆದ ಹೆನ್ರಿ ಬೇಟ್ಸ್, ಡಾರ್ವಿನ್ನನ ತತ್ವದಿಂದ ಇದನ್ನು ಬಿಡಿಸಿದ. ಒಂದೇ ಜಾತಿಯ ಚಿಟ್ಟೆಗಳೆಲ್ಲ ತದ್ರೂಪಾಗಿರುವುದಿಲ್ಲ. ಹುಟ್ಟಿನಲ್ಲೇ ಬಂದ ವ್ಯತ್ಯಾಸದಿಂದ ಯಾವುದೋ ಒಂದು, ಕಹಿ ಚಿಟ್ಟೆಯನ್ನು ಅಷ್ಟಿಷ್ಟು ಹೋಲುತ್ತದೆ. ಹಿಂದೆ ಕಹಿಯುಂಡ ಹಕ್ಕಿ ಅರೆಗಳಿಗೆ ಅನುಮಾನಿಸಿ ಅದನ್ನು ಬಿಟ್ಟರೆ, ಅದು ಮೊಟ್ಟೆಯಿಡುತ್ತದೆ. ಅದರ ಸಂತತಿಯಲ್ಲಿ ಇನ್ನೂ ಚೆನ್ನಾಗಿ ಹೋಲಿದವು ಹೆಚ್ಚು ಉಳಿಯುತ್ತವೆ. ಹೀಗೆ ತಲೆಮಾರು ತಲೆಮಾರು. ಕಾಮನ್ ಮಾರ್ಮನ್ ಜಾತಿಯ ಕೆಲವು ಹೆಣ್ಣುಗಳು ಕಹಿಯಾದ ಕಾಮನ್ ರೋಸ್ ಚಿಟ್ಟೆಯಂತೆ ಕಾಣುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನಿನಿಂದ ಎಂದು 2014ರಲ್ಲಿ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ತೋರಿಸಿದರು. ವ್ಯತ್ಯಾಸ ಜೀನಿನದು, ಆಯ್ಕೆ ಹಕ್ಕಿಯ ಕಣ್ಣಿನದು. ಚಿಟ್ಟೆಯದು ಏನೂ ಇಲ್ಲ.

ಸೀರೆಯ ಹೋಲಿಕೆಯೂ ಪೂರ್ತಿ ಸಲ್ಲದೆನ್ನಿ. ನಕಲು ಮಾಡುವವನ ಎದುರಿಗೆ ಅಸಲಿ ಸೀರೆ ಇರುತ್ತದೆ. ಆದರೆ ಒಂದು ಮಾತು ಎರಡಕ್ಕೂ ಸಲ್ಲುತ್ತದೆ. ನಕಲು ವಿರಳವಾಗಿದ್ದಷ್ಟು ದಿನ ಅಸಲಿಯ ಹೆಸರಲ್ಲಿ ಬದುಕುತ್ತದೆ. ಅತಿಯಾದರೆ ಹಕ್ಕಿ ತಿಂದು ನೋಡಿ ಧೈರ್ಯ ಕಲಿಯುತ್ತದೆ. ಆಗ ಅಸಲಿಗೂ ಕುತ್ತು. ಇದನ್ನು ನೇಕಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2023ರಲ್ಲಿ ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟರು. ಪಾಠವೇ ಹೋದ ಮೇಲೆ ಮಕ್ಕಳಿಗೆ ಉಳಿಯುವುದು ನಮ್ಮಂಥವರ ಬಾಯಿಮಾತು. ಅದಾದರೂ ನೆಟ್ಟಗಿರಬೇಕಲ್ಲ? ಈಗ ಯಾರಾದರೂ ಕೇಳಿದರೆ 'ವೇಷ ಹಾಕಿತು' ಎನ್ನುವುದಿಲ್ಲ. 'ಹಕ್ಕಿ ಬಿಟ್ಟದ್ದು ಉಳಿಯಿತು' ಎನ್ನುತ್ತೇನೆ.

ಆ ಸೀರೆಯನ್ನು ನನ್ನ ಹೆಂಡತಿ ಮದುವೆಗಳಿಗೆ ಉಡುತ್ತಾಳೆ. ಇದುವರೆಗೆ ಯಾರೂ ಅಂಚು ಮಗುಚಿಲ್ಲ.